ಮಳೆಗೆ ಮೊದಲು ಡಿಫ್ ಲಾಕ್ ನೋಡಿಸಿಕೊಳ್ಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಮಳೆಗಾಲದ ಮೂರ್ನಾಲ್ಕು ತಿಂಗಳು ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಜೀಪಿನ ಸುದ್ದಿ ಇಲ್ಲದ ವಾರ ಕಡಿಮೆ. ತಿರುವಿನಲ್ಲಿ ಚರಂಡಿಗೆ ಇಳಿದದ್ದು, ತೋಟದೊಳಗೆ ಮಗುಚಿದ್ದು, ಪ್ರವಾಸಿಗರನ್ನು ಕೂರಿಸಿಕೊಂಡು ಗುಡ್ಡದ ದಾರಿಯಲ್ಲಿ ಸಿಕ್ಕಿಬಿದ್ದದ್ದು. ಕಾರಣ ಎಂದು ಬರುವುದು ಒಂದೇ ಸಾಲು, 'ಚಾಲಕನ ನಿಯಂತ್ರಣ ತಪ್ಪಿ'. ಎಷ್ಟೋ ಸಲ ಅದೇ ನಿಜ ಇರುತ್ತದೆ. ಆದರೆ ಆ ಗಾಡಿಯನ್ನು ಎಳೆದು ತಂದು, ಅಡಿಗೆ ಮಲಗಿ ನೋಡುವ ನಮ್ಮಂಥವರಿಗೆ ಬೇರೆ ಕಾರಣಗಳೂ ಕಾಣುತ್ತವೆ. ಅದರಲ್ಲಿ ಒಂದರ ಬಗ್ಗೆ ಯಾರೂ ಬರೆಯುವುದಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ಅದು ಡಿಫರೆನ್ಷಿಯಲ್ ಲಾಕ್, ಅಂದರೆ ಡಿಫ್ ಲಾಕ್, ಹಿಡಿದುಕೊಳ್ಳುವ ತೊಂದರೆ.

ನಾನು ಮೂಡಿಗೆರೆಯಲ್ಲಿ ಜೀಪು, ಪಿಕಪ್ ಕೆಲಸ ಮಾಡುವ ಮೆಕ್ಯಾನಿಕ್. ನನ್ನ ಶೆಡ್ಡಿಗೆ ಬರುವ ಗಾಡಿಗಳು ಹೆಚ್ಚಾಗಿ ಕೊಟ್ಟಿಗೆಹಾರ, ಬಾಳೂರು, ಕಳಸ, ದೇವರಮನೆ ಕಡೆಯವು. ಅಲ್ಲಿಯ ತೋಟದ ರಸ್ತೆ ಕಂಡವರಿಗೆ ಹೇಳಬೇಕಾಗಿಲ್ಲ, ಆರಿದ್ರೆ ಮಳೆ ಹಿಡಿದ ಮೇಲೆ ಆ ಕೆಂಪು ಮಣ್ಣಿನ ಏರಿನಲ್ಲಿ ಬರಿಗಾಲಲ್ಲಿ ನಡೆಯುವ ಮನುಷ್ಯನೇ ಜಾರುತ್ತಾನೆ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿ ಬಂದ್ ಆದಾಗ ಒಳಗಿನ ಎಷ್ಟೋ ಊರಿಗೆ ಜೀಪೇ ಗತಿ ಆಗಿತ್ತು. ಹಾಗಾಗಿ ಜೀಪು ನಮ್ಮಲ್ಲಿ ಶೋಕಿಗೆ ಇಟ್ಟುಕೊಳ್ಳುವ ಗಾಡಿ ಅಲ್ಲವೇ ಅಲ್ಲ. ಗೊಬ್ಬರ ಹೊರುವುದೂ ಅದೇ, ಹುಷಾರಿಲ್ಲದವರನ್ನು ಆಸ್ಪತ್ರೆಗೆ ಸಾಗಿಸುವುದೂ ಅದೇ.

ಮೊದಲು ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಗಾಡಿ ತಿರುಗುವಾಗ ಹೊರಗಡೆ ಚಕ್ರ ಹೆಚ್ಚು ದೂರ ಓಡಬೇಕು, ಒಳಗಡೆಯದು ಕಡಿಮೆ. ಎರಡಕ್ಕೂ ಬೇರೆ ಬೇರೆ ವೇಗ ಕೊಡುವುದಕ್ಕೆ ಎಡ ಬಲದ ಚಕ್ರ ಸೇರಿಸುವ ಆಕ್ಸಲ್ ನಡುವಿನ ಹೌಸಿಂಗ್ (ಕಬ್ಬಿಣದ ಗೂಡು) ಒಳಗೆ ಡಿಫರೆನ್ಷಿಯಲ್ ಎಂಬ ಗೇರುಗಳ ಜೋಡಣೆ ಇದೆ. ಟಾರ್ ರಸ್ತೆಗೆ ಇದು ಬೇಕೇ ಬೇಕು. ಕೆಸರಲ್ಲಿ ಇದೇ ಕೈ ಕೊಡುತ್ತದೆ. ಒಂದು ಚಕ್ರಕ್ಕೆ ಹಿಡಿತ ಸಿಗಲಿಲ್ಲ ಅಂದರೆ ಅದೊಂದೇ ಗಿರ್ರೆಂದು ಸುತ್ತುತ್ತದೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಸುಮ್ಮನೆ ನಿಲ್ಲುತ್ತದೆ. 'ಫೋರ್ ವೀಲ್ ಹಾಕಿದ್ರೂ ಯಾಕೆ ಹತ್ತಲ್ಲ' ಎಂದು ಕೇಳುವವರಿಗೆ ಉತ್ತರವೂ ಇಲ್ಲೇ ಇದೆ. ಮುಂದೆ ಒಂದು, ಹಿಂದೆ ಒಂದು ಚಕ್ರ ಹಿಡಿತ ಕಳೆದುಕೊಂಡರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಫೋರ್ ವೀಲ್ ಗಾಡಿಯೂ ನಿಂತಲ್ಲೇ ನಿಲ್ಲುತ್ತದೆ. ಹಳೆಯ ಜೀಪುಗಳಲ್ಲಿ, ಜಿಪ್ಸಿಯಲ್ಲಿ ಇದಕ್ಕೆ ಕಂಪನಿಯಿಂದ ಉಪಾಯ ಇರಲಿಲ್ಲ, ಡ್ರೈವರ್ ಕೈಚಳಕದಲ್ಲೇ ನಡೆಯುತ್ತಿತ್ತು. ಈಗಿನ ಕೆಲವು ಗಾಡಿಗಳಲ್ಲಿ ಡಿಫ್ ಲಾಕ್ ಬರುತ್ತದೆ. ಲಾಕ್ ಹಾಕಿದರೆ ಹೌಸಿಂಗ್ ಒಳಗೆ ಬಳೆಯಂಥ ಹಲ್ಲಿನ ಕಾಲರ್ ಒಂದು ಸರಿದು ಕೂತು ಎರಡೂ ಚಕ್ರವನ್ನು ಒಂದೇ ಸಮ ತಿರುಗಿಸುತ್ತದೆ. ಫೋರ್ಸ್ ಗೂರ್ಖಾದಲ್ಲಿ ಮುಂದಿನ ಆಕ್ಸಲ್‌ಗೂ ಹಿಂದಿನದಕ್ಕೂ ಲಿವರ್ ಎಳೆದು ಹಾಕುವ ಲಾಕ್ ಇದೆ. ಟ್ರ್ಯಾಕ್ಟರ್ ಓಡಿಸುವವರಿಗೆ ಇದು ಹೊಸದೇನೂ ಅಲ್ಲ, ಕಾಲ ಬುಡದಲ್ಲೇ ಪೆಡಲ್ ಇರುತ್ತದೆ.

ಈ ಲಾಕ್ ಎರಡು ಥರ ಹಿಡಿದುಕೊಳ್ಳುತ್ತದೆ. ಬೇಕಾದಾಗ ಬೀಳುವುದಿಲ್ಲ, ಇಲ್ಲವೇ ಬಿದ್ದದ್ದು ಬಿಡುವುದಿಲ್ಲ. ಬೀಳದಿದ್ದರೆ ಹೂತುಕೊಂಡಲ್ಲೇ ಇರುತ್ತೀರಿ, ಟ್ರ್ಯಾಕ್ಟರ್ ಕರೆಸಿ ಎಳೆಸಿದರೆ ಆಯಿತು. ಪ್ರಾಣಕ್ಕೆ ಬರುವುದು ಎರಡನೆಯದು. ಕೆಸರಿನಿಂದ ಹೊರಗೆ ಬಂದ ಡ್ರೈವರ್ ಲಿವರ್ ಕೆಳಗೆ ಬಿಟ್ಟು, ಲಾಕ್ ಬಿಟ್ಟಿತು ಅಂದುಕೊಂಡು ಟಾರ್ ರಸ್ತೆಗೆ ಬರುತ್ತಾನೆ. ಒಳಗೆ ಹಲ್ಲು ಇನ್ನೂ ಕೂತಿರುತ್ತದೆ. ಹಿಂದಿನ ಆಕ್ಸಲ್ ಲಾಕ್ ಆಗಿದ್ದರೆ ತಿರುವಿನಲ್ಲಿ ಗಾಡಿ ನೇರಕ್ಕೆ ಎಳೆಯುತ್ತದೆ. ಮುಂದಿನದಾದರೆ ಸ್ಟೇರಿಂಗ್ ತಿರುಗಿಸುವುದೇ ಕಷ್ಟ. ನಮ್ಮ ಘಾಟಿಗಳಲ್ಲಿ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪ್ರಪಾತ, ರಸ್ತೆ ಮೇಲೆ ಮಂಜು. ಅಲ್ಲಿ ಗಾಡಿ ಹೇಳಿದ ಕಡೆ ತಿರುಗಲಿಲ್ಲ ಎಂದರೆ ಏನಾಗುತ್ತದೆ ಎಂದು ನಿಮ್ಮ ವರದಿಗಾರರಿಗೇ ಗೊತ್ತು. ಹಾಗೆ ಓಡಿಸುತ್ತಾ ಹೋದರೆ ಟೈರ್ ತಿನ್ನುತ್ತದೆ, ಆಕ್ಸಲ್ ಮುರಿಯುವುದೂ ಇದೆ.

ಬಿಡದೇ ಇರುವ ಲಾಕೆಲ್ಲ ಕೆಟ್ಟ ಲಾಕ್ ಅಲ್ಲ, ಇದನ್ನು ಡ್ರೈವರುಗಳು ತಿಳಿಯಬೇಕು. ಗಟ್ಟಿ ನೆಲದ ಮೇಲೆ ಲಾಕ್ ಹಾಕಿಕೊಂಡು ಸ್ವಲ್ಪ ತಿರುಗಿದರೂ ಎಡ ಬಲದ ಎರಡು ಆಕ್ಸಲ್ ಶಾಫ್ಟ್ ನಡುವೆ ಬಿಗಿ ಕೂರುತ್ತದೆ, ಆ ಬಿಗಿ ಕಾಲರ್ ಹಲ್ಲುಗಳನ್ನು ಒತ್ತಿ ಹಿಡಿಯುತ್ತದೆ. ಆಗ ಲಿವರ್ ಮೇಲೆ ಬಲ ಹಾಕಬಾರದು. ಆಕ್ಸಿಲರೇಟರ್ ಬಿಟ್ಟು, ಸ್ಟೇರಿಂಗ್ ನೇರ ಮಾಡಿ, ನಾಲ್ಕೈದು ಅಡಿ ರಿವರ್ಸ್ ಬನ್ನಿ. ಬಿಡಲಿಲ್ಲ ಎಂದರೆ ಸಡಿಲ ಮಣ್ಣಿನ ಮೇಲೆ ನಿಧಾನಕ್ಕೆ ಮುಂದೆ ಹಿಂದೆ ಮಾಡುತ್ತಾ ಸ್ಟೇರಿಂಗನ್ನು ಅತ್ತ ಇತ್ತ ಸ್ವಲ್ಪ ಆಡಿಸಿ. ಬಿಗಿ ಇಳಿದ ಕೂಡಲೇ ಲಾಕ್ ತಾನಾಗಿ ಬಿಡುತ್ತದೆ. ಕೆಲವರು ಲಿವರಿಗೆ ಪೈಪ್ ಸಿಕ್ಕಿಸಿ ಎಳೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಕಾಲರ್ ಸರಿಸುವ ಒಳಗಿನ ಫೋರ್ಕ್ ಬಾಗುತ್ತದೆ. ಅಲ್ಲಿಗೆ ನೂರರಲ್ಲಿ ಮುಗಿಯುವ ಕೆಲಸ ಸಾವಿರಗಳಿಗೆ ಹೋಗುತ್ತದೆ.

ಇಷ್ಟು ಮಾಡಿಯೂ ಬಿಡದಿದ್ದರೆ ಆಗ ಅದು ನಿಜವಾಗಿ ಹಿಡಿದಿದೆ. ಹೋದ ಮಳೆಗಾಲದಲ್ಲಿ ಕಳಸದ ಕಡೆಯ ಒಂದು ತೋಟದ ಗಾಡಿ ಹಾಗೆ ಬಂತು. ಕಂಪನಿ ಹೆಸರು ಬೇಡ, ಲಿವರ್ ಎಳೆದರೆ ಕೇಬಲ್ ಮೂಲಕ ಹಿಂದಿನ ಆಕ್ಸಲ್ ಲಾಕ್ ಆಗುವ ಥರದ್ದು. ಓಡಿಸುತ್ತಿದ್ದ ಹುಡುಗ ಬೆವತು ಹೋಗಿದ್ದ. "ಅಣ್ಣ, ಲಾಕ್ ಬಿಟ್ಟೆ ಕಣಣ್ಣ. ಲಿವರ್ ಕೆಳಗೇ ಇದೆ ನೋಡಿ. ಆದ್ರೂ ಕೊಟ್ಟಿಗೆಹಾರದ ತಿರುವಲ್ಲಿ ಗಾಡಿ ನನ್ ಮಾತೇ ಕೇಳ್ಲಿಲ್ಲ" ಅಂದ. ಬೇರೆ ಕಡೆ ತೋರಿಸಿದಾಗ ಪೂರ್ತಿ ಡಿಫರೆನ್ಷಿಯಲ್ ಬದಲಿಸಬೇಕು ಎಂದು ಹೇಳಿ ಕಳಿಸಿದ್ದರಂತೆ. ತೋಟದ ಮಾಲೀಕ ಗೌಡ್ರು ಫೋನಿನಲ್ಲಿ, "ಅಷ್ಟು ದುಡ್ಡು ಹಾಕೋ ಬದ್ಲು ಮಾರಿಬಿಡ್ತೀನಿ ಮಾರಾಯ" ಅಂದರು.

ಇಂಥದ್ದರಲ್ಲಿ ನಾನು ಮೊದಲು ಮಾಡುವ ಪರೀಕ್ಷೆ ಯಾರು ಬೇಕಾದರೂ ಮಾಡಬಹುದು. ಸಮ ನೆಲದಲ್ಲಿ ನಿಲ್ಲಿಸಿ ಮುಂದಿನ ಎರಡೂ ಚಕ್ರಕ್ಕೆ ಉರುಳದ ಹಾಗೆ ಹಿಂದೆ ಮುಂದೆ ಕಟ್ಟೆ ಕೊಡಿ. ಹಿಂದಿನ ಎರಡೂ ಚಕ್ರ ಎತ್ತಿ ಗಟ್ಟಿಯಾದ ಸ್ಟ್ಯಾಂಡ್ ಇಡಿ, ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಎಂಜಿನ್ ಆಫ್, ಫೋರ್ ವೀಲ್ ತೆಗೆದಿರಬೇಕು, ಗಾಡಿ ಗೇರಿನಲ್ಲಿರಬೇಕು, ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು. ಈಗ ಒಂದು ಚಕ್ರವನ್ನು ಕೈಯಿಂದ ತಿರುಗಿಸಿ. ಲಾಕ್ ಬಿಟ್ಟಿದ್ದರೆ ಇನ್ನೊಂದು ಚಕ್ರ ಉಲ್ಟಾ ತಿರುಗುತ್ತದೆ. ಲಾಕ್ ಕೂತಿದ್ದರೆ ಚಕ್ರ ಅಲುಗಾಡುವ ಸಣ್ಣ ಸಡಿಲ ಬಿಟ್ಟರೆ ತಿರುಗುವುದೇ ಇಲ್ಲ. ಡ್ಯಾಶ್‌ಬೋರ್ಡಿನ ಲಾಕ್ ದೀಪಕ್ಕಿಂತ ನನಗೆ ಈ ಪರೀಕ್ಷೆ ಮೇಲೆ ನಂಬಿಕೆ ಜಾಸ್ತಿ. ಹೌಸಿಂಗ್ ಮೇಲಿನ ಸ್ವಿಚ್‌ಗೆ ನೀರು ಹೋದರೆ ದೀಪ ಸುಳ್ಳು ಹೇಳುತ್ತದೆ. ಒಂದು ಎಚ್ಚರಿಕೆ, ಒಂದೇ ಚಕ್ರ ಎತ್ತಿಟ್ಟು ಎಂಜಿನ್ ಸ್ಟಾರ್ಟ್ ಮಾಡುವ ಸಾಹಸ ಬೇಡವೇ ಬೇಡ. ಲಾಕ್ ಕೂತಿದ್ದರೆ ನೆಲದಲ್ಲಿರುವ ಚಕ್ರ ಗಾಡಿಯನ್ನು ಸ್ಟ್ಯಾಂಡಿನಿಂದ ತಳ್ಳಿಕೊಂಡು ಹೋಗುತ್ತದೆ.

ಆ ಗಾಡಿಯ ಚಕ್ರ ತಿರುಗಲಿಲ್ಲ. ಹುಡುಗ ಹೇಳಿದ್ದು ನಿಜ, ಲಿವರ್ ಬಿಟ್ಟಿದೆ, ಲಾಕ್ ಬಿಟ್ಟಿಲ್ಲ. ಮುಂದಿನ ಹೆಜ್ಜೆ, ತಪ್ಪು ಲಿವರ್ ಕಡೆಯದೋ, ಕೇಬಲ್ಲಿನದೋ, ಆಕ್ಸಲ್ ಕಡೆಯದೋ ಎಂದು ಬೇರೆ ಮಾಡುವುದು. ಆಕ್ಸಲ್ ಹತ್ತಿರ ಕೇಬಲ್ ಪಿನ್ ಕಳಚಿ ಹುಡುಗನಿಗೆ ಲಿವರ್ ಆಡಿಸಲು ಹೇಳಿದೆ. ಲಿವರ್ ಸಲೀಸಾಗಿ ಹೋಗಿ ಬಂತು. ಹಾಗಾದರೆ ಕೇಬಲ್ ಸರಿ ಇದೆ. ಹೌಸಿಂಗ್ ಹೊರಗಿರುವ, ಕೇಬಲ್ ಎಳೆಯುವ ಸಣ್ಣ ಆರ್ಮನ್ನು ಕೈಯಲ್ಲಿ ಹಿಡಿದು ತಿರುಗಿಸಲು ನೋಡಿದೆ, ಅಲುಗಲಿಲ್ಲ. ಟಾರ್ಚ್ ಹಾಕಿದರೆ ಆರ್ಮಿನ ಬುಡ ಮುಚ್ಚುವ ರಬ್ಬರ್ ಬೂಟ್ ಹರಿದಿತ್ತು. ಒಳಗೆ ಕೆಂಪು ಮಣ್ಣು ಮೆತ್ತಿಕೊಂಡು, ಒಣಗಿ, ಅದರಡಿ ಶಾಫ್ಟ್ ತುಕ್ಕು ಹಿಡಿದಿತ್ತು. ವಾಪಸ್ ಎಳೆಯಬೇಕಾದ ಸ್ಪ್ರಿಂಗ್ ಮುರಿದಿರಲಿಲ್ಲ, ಆ ತುಕ್ಕನ್ನು ಗೆಲ್ಲುವ ಶಕ್ತಿ ಅದಕ್ಕಿರಲಿಲ್ಲ ಅಷ್ಟೆ.

ವೈರ್ ಬ್ರಷ್ ಹಾಕಿ ಮಣ್ಣು ತೆಗೆದೆವು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯೆಲ್ಲ ಹಾಗೇ ಬಿಟ್ಟೆವು. ಈ ಕೆಲಸದಲ್ಲಿ ಅವಸರ ಮಾಡಿ ಸುತ್ತಿಗೆ ಎತ್ತಿದರೆ ಆರ್ಮ್ ಮುರಿದು ಕೈಗೆ ಬರುತ್ತದೆ. ಬೆಳಿಗ್ಗೆ ಒಬ್ಬ ಚಕ್ರ ಹಿಡಿದು ಹಿಂದೆ ಮುಂದೆ ಅಲುಗಿಸುತ್ತಾ ಒಳಗಿನ ಹಲ್ಲಿನ ಬಿಗಿ ಇಳಿಸಿದ, ನಾನು ಸ್ಪ್ಯಾನರ್ ಹಾಕಿ ಆರ್ಮನ್ನು ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ಮಾಡುತ್ತಾ ಹೋದೆ. ಟಕ್ ಎಂದು ಕಾಲರ್ ಬಿಟ್ಟಿತು. ಆಮೇಲೆ ಆಯಿಲ್ ಇಳಿಸಿ, ಶಾಫ್ಟ್ ಹೊರಗೆ ತೆಗೆದು, ಸಣ್ಣ ಎಮರಿ ಪೇಪರಿನಲ್ಲಿ ಉಜ್ಜಿ, ಹೊಸ ಓ ರಿಂಗ್ (ಆಯಿಲ್ ಸೋರದಂತೆ ತಡೆಯುವ ರಬ್ಬರ್ ಬಳೆ), ಗ್ರೀಸ್, ಹೊಸ ಬೂಟ್ ಹಾಕಿದೆವು. ಕೇಬಲ್ ಜೋಡಿಸುವಾಗ ಲಿವರ್ ಕೆಳಗಿದ್ದಾಗ ಕೇಬಲ್ಲಿನಲ್ಲಿ ಸ್ವಲ್ಪ ಸಡಿಲ ಇರುವ ಹಾಗೆ ಹೊಂದಿಸಬೇಕು. ಬಿಗಿ ಮಾಡಿಬಿಟ್ಟರೆ ಫೋರ್ಕ್ ಸದಾ ಕಾಲರನ್ನು ಒತ್ತಿಕೊಂಡೇ ಇದ್ದು ಸವೆಯುತ್ತದೆ. ಡಿಫರೆನ್ಷಿಯಲ್ ಬದಲಿಸಬೇಕೆಂದಿದ್ದ ಗಾಡಿಗೆ ಬಿದ್ದ ಸಾಮಾನು ಒಂದು ಓ ರಿಂಗ್, ಒಂದು ಬೂಟ್, ಹೊಸ ಗೇರ್ ಆಯಿಲ್. ಗೌಡ್ರು ಗಾಡಿ ಮಾರಲಿಲ್ಲ.

ಎಲ್ಲವೂ ಇಷ್ಟು ಸಲೀಸಾಗಿ ಮುಗಿಯುತ್ತದೆ ಎಂದು ಹೇಳುತ್ತಿಲ್ಲ. ಚಕ್ರ ಸುತ್ತುತ್ತಿರುವಾಗಲೇ ಲಾಕ್ ಎಳೆದು ಕಾಲರ್ ಹಲ್ಲು ಉರುಟಾಗಿದ್ದರೆ, ಫೋರ್ಕ್ ಬಾಗಿದ್ದರೆ ಹೌಸಿಂಗ್ ಬಿಚ್ಚಲೇಬೇಕು. ಆಗ ಕ್ರೌನ್, ಪಿನಿಯನ್ ಎಂಬ ಒಳಗಿನ ಗೇರುಗಳ ಹಲ್ಲಿನ ಸಂದು ಡಯಲ್ ಗೇಜ್ ಎಂಬ ಅಳತೆ ಸಾಧನ ಇಟ್ಟು ಹೊಂದಿಸಲು ಬರುವವರ ಹತ್ತಿರವೇ ಹೋಗಿ, ಕಣ್ಣಂದಾಜಿನಲ್ಲಿ ಜೋಡಿಸಿದ ಡಿಫರೆನ್ಷಿಯಲ್ ಊಳಿಡಲು ಶುರು ಮಾಡಿ ಕೊನೆಗೆ ಒಡೆಯುತ್ತದೆ. ಸ್ವಿಚ್ ಒತ್ತಿ ಗಾಳಿಯಲ್ಲೋ ಕರೆಂಟಿನಲ್ಲೋ ಲಾಕ್ ಆಗುವ ಗಾಡಿಗಳಲ್ಲಿ ಮೊದಲು ಫ್ಯೂಸ್, ನೀರು ಹೋದ ಕನೆಕ್ಟರ್, ಇಲಿ ಕಡಿದ ವೈರು, ಸೀಳಿದ ಗಾಳಿ ಪೈಪು ನೋಡಿ.

ಮಹೀಂದ್ರ ಥಾರ್‌ನಲ್ಲಿ ಬರುವ ಮೆಕ್ಯಾನಿಕಲ್ ಲಾಕ್ ಬೇರೆಯೇ ಜಾತಿ. ಅದಕ್ಕೆ ಲಿವರೂ ಇಲ್ಲ, ಸ್ವಿಚ್ಚೂ ಇಲ್ಲ. ಹಿಂದಿನ ಒಂದು ಚಕ್ರ ಇನ್ನೊಂದಕ್ಕಿಂತ ನಿಮಿಷಕ್ಕೆ ಸುಮಾರು 100 ಸುತ್ತು ಜಾಸ್ತಿ ತಿರುಗಿದಾಗ ತಾನಾಗಿ ಲಾಕ್ ಆಗುತ್ತದೆ, ವೇಗ ಗಂಟೆಗೆ 30 ಕಿ.ಮೀ. ದಾಟಿದ ಮೇಲೆ ಹಾಕಿಕೊಳ್ಳುವುದಿಲ್ಲ. ಹಳೆ ಜೀಪಿನಲ್ಲಿ ಪಳಗಿದವರು ಚಕ್ರ ಸುತ್ತಿದ ಕೂಡಲೇ ಆಕ್ಸಿಲರೇಟರ್ ಬಿಡುತ್ತಾರೆ, ಆಮೇಲೆ 'ಲಾಕ್ ಹಾಕ್ಕೊಳಲ್ಲ' ಎಂದು ನನ್ನ ಹತ್ತಿರ ತರುತ್ತಾರೆ. ಅದಕ್ಕೆ ಸ್ವಲ್ಪ ಸುತ್ತಲು ಬಿಡಬೇಕು. ಇಂಥ ಗಾಡಿ ಟಾರ್ ರಸ್ತೆಯ ತಿರುವಿನಲ್ಲಿ ಕಟಕಟ ಎಂದರೆ ಮೊದಲು ಆಯಿಲ್ ನೋಡಬೇಕು. ಒಳಗೆ ಕ್ಲಚ್ ಪ್ಲೇಟ್ ಇರುವುದರಿಂದ ಕಂಪನಿ ಹೇಳಿದ ಆಯಿಲನ್ನೇ ಹಾಕಬೇಕು, ಕಡಿಮೆಗೆ ಸಿಕ್ಕಿತು ಎಂದು ಯಾವುದನ್ನೋ ಹಾಕಬಾರದು.

ಆಯಿಲ್ ವಿಷಯ ಬಂದದ್ದರಿಂದ ಬಿಡಿಸಿ ಹೇಳಿಬಿಡುತ್ತೇನೆ, ಅರ್ಧ ತೊಂದರೆ ಇಲ್ಲಿಂದಲೇ ಶುರುವಾಗುವುದು. ಹಳ್ಳ ದಾಟುವಾಗ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿಯುತ್ತದೆ. ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಹೊರಗಿನಿಂದ ಏನಾದರೂ ಎಳೆದುಕೊಳ್ಳುತ್ತದೆ. ಹೌಸಿಂಗ್ ಮೇಲಿನ ಬ್ರೀದರ್ (ಗಾಳಿ ಆಡುವ ಸಣ್ಣ ಕಿಂಡಿ) ಸರಿ ಇದ್ದರೆ ಗಾಳಿ ಎಳೆದುಕೊಳ್ಳುತ್ತದೆ. ಬ್ರೀದರ್‌ಗೆ ಮಣ್ಣು ಕಟ್ಟಿದ್ದರೆ ಆಯಿಲ್ ಸೀಲ್ ಸಂದಿನಿಂದ ನೀರನ್ನೇ ಎಳೆದುಕೊಳ್ಳುತ್ತದೆ. ವಾಟರ್ ಸರ್ವಿಸ್‌ನವರು ಓಡಿ ಬಂದ ಬಿಸಿ ಗಾಡಿಯ ಆಕ್ಸಲ್‌ಗೆ ಜೋರು ಪ್ರೆಶರಿನಲ್ಲಿ ನೀರು ಬಿಟ್ಟಾಗಲೂ ಇದೇ ಆಗುತ್ತದೆ. ಬ್ರೀದರಿಗೆ ಒಂದು ಹೋಸ್ ಸಿಕ್ಕಿಸಿ ಚಾಸಿ ಮೇಲಕ್ಕೆ ಎತ್ತಿ ಕಟ್ಟಿಸಿಕೊಳ್ಳಿ, ಖರ್ಚು ಏನೂ ಇಲ್ಲ, ಲಾಭ ಬಹಳ.

ನೀರು ಹೋಗಿದೆಯೋ ಇಲ್ಲವೋ ನೋಡಲು ಗಾಡಿಯನ್ನು ರಾತ್ರಿಯೆಲ್ಲ ಸಮ ಜಾಗದಲ್ಲಿ ನಿಲ್ಲಿಸಿ ಬೆಳಿಗ್ಗೆ ಡ್ರೈನ್ ಪ್ಲಗ್ ಸ್ವಲ್ಪ ಸಡಿಲ ಮಾಡಿ. ನೀರು ಭಾರ, ತಳದಲ್ಲಿ ಕೂತಿರುತ್ತದೆ, ಮೊದಲು ಅದೇ ತೊಟ್ಟಿಕ್ಕುತ್ತದೆ. ನೀರು ಬೆರೆತೇ ಹೋಗಿದ್ದರೆ ಆಯಿಲ್ ಹಾಲು ಹಾಕಿದ ಕಾಫಿ ಹಾಗೆ ಕಾಣುತ್ತದೆ, ಒಮ್ಮೆ ಕಂಡವರು ಮರೆಯುವುದಿಲ್ಲ. ಅಂಥ ಆಯಿಲಿನಲ್ಲಿ ಲಾಕಿನ ಕಾಲರ್, ಫೋರ್ಕ್, ಸ್ಪ್ರಿಂಗ್ ಎಲ್ಲ ತುಕ್ಕು ಹಿಡಿಯುತ್ತವೆ. ಬದಲಿಸಿ, ಸ್ವಲ್ಪ ದೂರ ಓಡಿಸಿ, ಮತ್ತೆ ಒಮ್ಮೆ ಬದಲಿಸಬೇಕು, ಒಂದೇ ಸಲಕ್ಕೆ ನೀರು ಪೂರ್ತಿ ಹೋಗುವುದಿಲ್ಲ. ಇನ್ನೊಂದು ಮಾತು, ಆಯಿಲ್ ಇಳಿಸುವ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿ ನೋಡಿಕೊಳ್ಳಿ. ಅದು ತುಕ್ಕು ಹಿಡಿದು ಬಿಚ್ಚಲು ಬರದಿದ್ದರೆ ಆಯಿಲ್ ಇಳಿಸಿದ ಗಾಡಿ ಅಂಗಳದಲ್ಲೇ ಉಳಿಯುತ್ತದೆ. ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ಕಪ್ಪು ಮೆತ್ತನೆ ಪುಡಿ ಇದ್ದರೆ ಹೆದರಬೇಡಿ, ಚೂರು ಚೂರು ಕಬ್ಬಿಣ ಇದ್ದರೆ ಹೌಸಿಂಗ್ ಬಿಚ್ಚಿಸಿ.

ಇದೆಲ್ಲದಕ್ಕಿಂತ ಮುಖ್ಯವಾದದ್ದು, ಲಾಕ್ ಹಿಡಿಯುವುದು ಹೆಚ್ಚಾಗಿ ಬಳಸದೇ ಇಡುವುದರಿಂದ. ಕೊಯ್ಲು ಮುಗಿದು, ಹೂಮಳೆ ಬಿದ್ದು, ಜೂನ್ ಬರುವವರೆಗೆ ಯಾರೂ ಆ ಲಿವರ್ ಮುಟ್ಟುವುದಿಲ್ಲ. ಮೊದಲ ಸಲ ಎಳೆಯುವುದೇ ಹೂತುಕೊಂಡ ದಿನ. ತಿಂಗಳಿಗೊಮ್ಮೆಯಾದರೂ ಲಾಕ್ ಹಾಕಿ, ನಿಧಾನಕ್ಕೆ ನೇರವಾಗಿ ಸ್ವಲ್ಪ ದೂರ ಓಡಿಸಿ, ಬಿಡಿಸಿ. ಅದನ್ನು ಕಾಫಿ ಒಣಗಿಸುವ ಸಿಮೆಂಟ್ ಕಣದಲ್ಲಿ ಮಾಡಬೇಡಿ, ಟೈರ್ ಜಾರಲು ಜಾಗ ಇಲ್ಲದೆ ಬಿಗಿ ಕೂರುತ್ತದೆ. ಹುಲ್ಲಿನ ಮೇಲೋ ಮಣ್ಣಿನ ರಸ್ತೆಯಲ್ಲೋ ಮಾಡಿ. ಟ್ರ್ಯಾಕ್ಟರ್ ಪೆಡಲಿಗೂ ಇದೇ ಮಾತು. ಗದ್ದೆಯ ಕೆಸರು ಒಣಗಿ ಪೆಡಲಿನ ಬುಡದಲ್ಲಿ ಕಟ್ಟಿದರೆ ಕಾಲು ತೆಗೆದರೂ ಪೆಡಲ್ ಮೇಲೆ ಬರುವುದಿಲ್ಲ, ಬದುವಿನ ಹತ್ತಿರ ತಿರುಗಿಸುವಾಗ ಅದು ಅಪಾಯ.

ಇದನ್ನೆಲ್ಲ ಡ್ರೈವರಿಗೆ ಹೇಳಿಕೊಡುವವರು ಯಾರು? ಗಾಡಿ ಜೊತೆ ಬರುವ ಪುಸ್ತಕದಲ್ಲಿ ಬಹಳಷ್ಟು ಇದೆ, ಆದರೆ ನನ್ನ ಕೈಗೆ ಬಂದವೆಲ್ಲ ಇಂಗ್ಲಿಷಿನವು, ಡ್ಯಾಶ್‌ಬೋರ್ಡಿನ ಒಳಗೆ ಪ್ಲಾಸ್ಟಿಕ್ ಕವರಿನಲ್ಲಿ ಹೊಚ್ಚ ಹೊಸದಾಗಿ ಕೂತಿರುತ್ತವೆ. ಗಾಡಿ ಕೊಂಡವರು ಒಬ್ಬರು, ಓಡಿಸುವವರು ಇನ್ನೊಬ್ಬರು. ಓಡಿಸುವ ಹುಡುಗನಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ, ಅವನು ಓದುವ ಹಾಗೆ ಯಾರೂ ಬರೆದಿಲ್ಲ. ಕರ್ನಾಟಕದಲ್ಲಿ ಗಾಡಿ ಮಾರುವ ಕಂಪನಿಗಳು ಕನ್ನಡದಲ್ಲಿ ಪುಸ್ತಕ ಕೊಡಬೇಕು, ಕನಿಷ್ಠ ಪಕ್ಷ ಲಾಕ್ ಲಿವರಿನ ಪಕ್ಕ ನಾಲ್ಕು ಸಾಲಿನ ಕನ್ನಡ ಸ್ಟಿಕ್ಕರ್ ಹಚ್ಚಬೇಕು. ಜಿಲ್ಲೆಯ ಐಟಿಐಗಳಲ್ಲಿ ಮೋಟಾರ್ ಮೆಕ್ಯಾನಿಕ್ ಕಲಿಯುವ ಮಕ್ಕಳಿಗೆ ಲಾಕ್ ಇರುವ ಒಂದು ಹಳೆಯ ಆಕ್ಸಲ್ಲನ್ನು ಬಿಚ್ಚಿ ಜೋಡಿಸಲು ಕೊಡಬೇಕು. ಪ್ರವಾಸಿಗರನ್ನು ಗುಡ್ಡಕ್ಕೆ ಕರೆದೊಯ್ಯುವ ಜೀಪಿನವರಲ್ಲಿ ನನ್ನ ವಿನಂತಿ, ಗಾಡಿಗೆ ಲಾಕ್ ಇದ್ದರೆ ಕೆಸರು ದಾಟಿ ಟಾರ್ ರಸ್ತೆಗೆ ಏರುವ ಮೊದಲು ಒಂದು ನಿಮಿಷ ನಿಲ್ಲಿಸಿ. ಮಣ್ಣಿನ ಮೇಲಿರುವಾಗಲೇ ಸ್ಟೇರಿಂಗ್ ಅತ್ತ ಇತ್ತ ತಿರುಗಿಸಿ ಗಾಡಿ ಮೊದಲಿನ ಹಾಗೆ ತಿರುಗುತ್ತಿದೆಯೇ ನೋಡಿಕೊಂಡು ಹೊರಡಿ. ಹಿಂದೆ ಕೂತವರು ಬೈದರೂ ಪರವಾಗಿಲ್ಲ.

ತಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ಪ್ರತಿ ವರ್ಷ ಮೇ ತಿಂಗಳಲ್ಲಿ ಬಿತ್ತನೆ, ಗೊಬ್ಬರ, ಬೋರ್ಡೋ ದ್ರಾವಣದ ಬಗ್ಗೆ ಪುಟಗಟ್ಟಲೆ ಹಾಕುತ್ತೀರಿ, ರೈತರು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಅದರ ಪಕ್ಕ ಕಾಲು ಪುಟ ಗಾಡಿಗೂ ಕೊಡಿ. ಈ ಪತ್ರದ ಜೊತೆ ನಾನೇ ಪೆನ್ಸಿಲಿನಲ್ಲಿ ಬರೆದ ಮೂರು ಚಿತ್ರ ಇಟ್ಟಿದ್ದೇನೆ. ಚಕ್ರ ಎತ್ತಿ ಲಾಕ್ ನೋಡುವುದು ಒಂದು, ಆರ್ಮ್ ಮತ್ತು ಬೂಟ್ ಎಲ್ಲಿರುತ್ತದೆ ಎಂದು ಇನ್ನೊಂದು, ಬ್ರೀದರಿಗೆ ಹೋಸ್ ಕಟ್ಟುವುದು ಮೂರನೆಯದು. ನಿಮ್ಮ ಕಲಾವಿದರು ತಿದ್ದಿ ಬರೆದರೆ ಒಳ್ಳೆಯದು, ಸ್ಟ್ಯಾಂಡ್ ಇಡುವ ಜಾಗ ಮಾತ್ರ ಬದಲಿಸಬಾರದು. ಏನಾದರೂ ಗೊತ್ತಾಗದಿದ್ದರೆ ನಿಮ್ಮ ಮೂಡಿಗೆರೆ ವರದಿಗಾರರನ್ನು ಶೆಡ್ಡಿಗೆ ಕಳಿಸಿ, ಗಾಡಿ ಎತ್ತಿಯೇ ತೋರಿಸುತ್ತೇನೆ.

ಇಂತಿ ತಮ್ಮ ಓದುಗ,
ಜೀಪ್ ಮೆಕ್ಯಾನಿಕ್, ಮೂಡಿಗೆರೆ,
ಚಿಕ್ಕಮಗಳೂರು ಜಿಲ್ಲೆ